ಪೊಲೀಸರಿಗೆ ದೇಣಿಗೆ ಕೊಡಬೇಕೆಂದರೆ ಕ್ಯಾಮೆರಾ, ಬ್ಯಾರಿಕೇಡ್ ಬಿಟ್ಟು ಬೇರೆ ದಾರಿ ಇದೆಯೇ?

ಹುಬ್ಬಳ್ಳಿಯ ನಿಮ್ಮ ಕಾರ್ಖಾನೆಯ ಸಿಎಸ್‌ಆರ್ (ಕಂಪನಿ ಸಮಾಜದ ಕೆಲಸಕ್ಕೆ ತೆಗೆದಿಡುವ) ರೊಕ್ಕ ಅವಳಿ ನಗರದ ಪೊಲೀಸರಿಗೆ ಉಪಯೋಗ ಆಗಬೇಕು, ಆದರೆ ಮತ್ತೆ ಬ್ಯಾರಿಕೇಡ್ ಮೇಲೆ ಹೆಸರು ಬರೆಸೋದು ಬೇಡ ಅಂದಿದ್ದೀರಿ. ನಾನು ಧಾರವಾಡದಲ್ಲಿ ಅಪರಾಧಶಾಸ್ತ್ರ ಪಾಠ ಮಾಡುವವನು. ಸಂಶೋಧನೆಗೆ ಕೊಡಿ ಅಂತಲೇ ಹೇಳುತ್ತೇನೆ.

1970ರಲ್ಲಿ ಅಮೆರಿಕದ ಫೋರ್ಡ್ ಫೌಂಡೇಶನ್ 3 ಕೋಟಿ ಡಾಲರ್ ಕೊಟ್ಟು ‘ಪೊಲೀಸ್ ಫೌಂಡೇಶನ್’ ಹುಟ್ಟುಹಾಕಿತು. ಆ ಸಂಸ್ಥೆ 1972-73ರಲ್ಲಿ ಕಾನ್ಸಾಸ್ ಸಿಟಿಯ 15 ಬೀಟ್‌ಗಳಲ್ಲಿ (ಗಸ್ತಿನ ವಲಯಗಳಲ್ಲಿ) ಒಂದು ಪ್ರಯೋಗ ಮಾಡಿತು. ಐದರಲ್ಲಿ ಗಸ್ತು ಮೊದಲಿನಂತೆ. ಐದರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಉಳಿದ ಐದರಲ್ಲಿ ಗಸ್ತೇ ಇಲ್ಲ, ಜನ ಕರೆದರೆ ಮಾತ್ರ ಗಾಡಿ ಬರುತ್ತಿತ್ತು. ವರ್ಷದ ಕೊನೆಗೆ ನೋಡಿದರೆ ಅಪರಾಧದಲ್ಲಾಗಲಿ ಜನರ ಭಯದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ! ಗಸ್ತು ಹೆಚ್ಚಿದರೆ ಅಪರಾಧ ಇಳಿಯುತ್ತದೆ ಎಂದು ಎಲ್ಲರೂ ಕಣ್ಣುಮುಚ್ಚಿ ನಂಬಿದ್ದನ್ನು ಹೀಗೆ ಒರೆಗೆ ಹಚ್ಚುವ ಧೈರ್ಯ ಇಲಾಖೆಯ ಬಜೆಟ್‌ಗೆ ಸುಲಭಕ್ಕೆ ಬರುವುದಿಲ್ಲ. ದಾನಿಯ ರೊಕ್ಕಕ್ಕೆ ಬರಬಹುದು.

ನಮ್ಮ ದೇಶದಲ್ಲೂ ಇಂಥ ಕೆಲಸ ನಡೆದಿದೆ. ಮಧ್ಯಪ್ರದೇಶದ 180 ಠಾಣೆಗಳಲ್ಲಿ ಮಹಿಳಾ ಸಹಾಯ ಕೇಂದ್ರಗಳನ್ನು ಲಾಟರಿ ರೀತಿಯಲ್ಲಿ ಹಂಚಿ ಪರೀಕ್ಷಿಸಿದರು. ಕೇಂದ್ರ ಇದ್ದ ಠಾಣೆಗಳಲ್ಲಿ ಹೆಣ್ಣುಮಕ್ಕಳ ದೂರು ಹೆಚ್ಚು ದಾಖಲಾದವು. ಇನ್ನು ಬೆಂಗಳೂರಿನ ಸಿಐಡಿಯಲ್ಲಿರುವ ಸೈಬರ್ ಅಪರಾಧ ತನಿಖಾ ತರಬೇತಿ ಮತ್ತು ಸಂಶೋಧನಾ ಕೇಂದ್ರಕ್ಕೆ ಇನ್ಫೋಸಿಸ್ ಫೌಂಡೇಶನ್ ನೆರವಿದೆ. ನಮ್ಮ ಶಿಗ್ಗಾವಿಯಲ್ಲಿ ಹುಟ್ಟಿದ ಸುಧಾ ಮೂರ್ತಿ, ಆ ಕೇಂದ್ರ ಶುರುವಾದಾಗ ಫೌಂಡೇಶನ್ನಿನ ಅಧ್ಯಕ್ಷೆಯಾಗಿದ್ದರು.

ನಿಮಗೆ ಅಷ್ಟು ದೊಡ್ಡ ಮೊತ್ತ ಬೇಕಿಲ್ಲ. ಕಾಲೇಜುಗಳಲ್ಲಿ ಸೈಬರ್ ಜಾಗೃತಿ ಭಾಷಣ ನಡೆಯುತ್ತಲೇ ಇರುತ್ತವಲ್ಲ, ಅವುಗಳಿಂದ ಮೋಸ ಹೋಗುವವರು ಕಡಿಮೆ ಆಗುತ್ತಾರೆಯೇ? ಚೀಟಿ ಎತ್ತಿ ಅರ್ಧ ಕಾಲೇಜುಗಳಿಗೆ ಈಗ, ಉಳಿದವಕ್ಕೆ ಮುಂದಿನ ವರ್ಷ ಭಾಷಣ ಇಡಿಸಿ. ಆರು ತಿಂಗಳ ಮೇಲೆ ಎರಡೂ ಕಡೆ ವಿಚಾರಿಸಲಿ: ರೊಕ್ಕ ಕಳೆದುಕೊಂಡವರೆಷ್ಟು, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದವರೆಷ್ಟು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ವಿಭಾಗವೇ ಇದೆ. ಈ ಕೆಲಸ ನಮ್ಮೂರ ವಿದ್ಯಾರ್ಥಿಗಳೇ ಮಾಡಬಲ್ಲರು.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಿ. ಹಣ ಠಾಣೆಗೆ ಹೋಗಬಾರದು, ವಿಶ್ವವಿದ್ಯಾಲಯಕ್ಕೆ ಹೋಗಬೇಕು. ನಾಳೆ ನಿಮ್ಮ ಕಾರ್ಖಾನೆಯದೇ ಒಂದು ತಕರಾರು ಅದೇ ಠಾಣೆಗೆ ಬಂದರೆ, ಎದುರಿನವನಿಗೆ ನ್ಯಾಯದ ಮೇಲೆ ನಂಬಿಕೆ ಉಳಿಯಬೇಕಲ್ಲ. ಫಲಿತಾಂಶ ಯಾರಿಗೂ ಹಿತವಾಗದಿದ್ದರೂ ಪ್ರಕಟಿಸುತ್ತೇವೆ ಎಂದು ಒಪ್ಪಂದದಲ್ಲೇ ಬರೆಸಿ. ಸಿಎಸ್‌ಆರ್ ರೊಕ್ಕ ಯಾವ ಕೆಲಸಗಳಿಗೆ ಬಳಸಬಹುದೆಂದು ಪಟ್ಟಿ ಮಾಡಿರುವ ಕಂಪನಿ ಕಾಯ್ದೆಯ 7ನೇ ಅನುಸೂಚಿಯ ಯಾವ ಬಾಬತ್ತಿಗೆ ಈ ಖರ್ಚು ಕೂಡುತ್ತದೆ ಎಂದು ನಿಮ್ಮ ಸಿಎ ಹತ್ತಿರ ಮೊದಲೇ ಕೇಳಿಕೊಳ್ಳಿ. ಆಮೇಲೆ ನವನಗರದ ಕಮಿಷನರ್ ಕಚೇರಿಗೆ ಹೋಗಿ ಮಾತಾಡಿ.