ಆಸ್ಟ್ರೇಲಿಯಾದ ಕಾಡುಭತ್ತ ಸುಡುಬಿಸಿಲಲ್ಲೂ ಹೇಗೆ ಬೆಳೆಯುತ್ತೆ? ಅದನ್ನ ಹೊಳೆನರಸೀಪುರದ ಗದ್ದೆಯಲ್ಲಿ ಬಿತ್ತಬಹುದಾ?

ಬಿತ್ತಿ ಲಾಭವಿಲ್ಲ, ಕಾಳು ಮಾಗುತ್ತಲೇ ಉದುರಿಹೋಗುತ್ತದೆ. ಆದರೆ ಬಿಸಿ ತಡೆಯುವ ಗುಟ್ಟು ಅದರ ಎಲೆಯಲ್ಲಿದೆ.

ಒರೈಜಾ ಆಸ್ಟ್ರೇಲಿಯೆನ್ಸಿಸ್ ಅನ್ನುವ ಈ ಹುಲ್ಲು ಉತ್ತರ ಆಸ್ಟ್ರೇಲಿಯಾದ್ದು. ಅಲ್ಲಿ ಮಳೆ ನಿಂತ ಮೇಲೆ ತಿಂಗಳುಗಟ್ಟಲೆ ಬರೀ ಬಿಸಿಲು. ಆಗ ನೆಲದಡಿಯ ಗೆಡ್ಡೆಯಂಥ ಕಾಂಡದಲ್ಲಿ ಜೀವ ಹಿಡಿದುಕೊಂಡಿದ್ದು, ಮತ್ತೆ ಮಳೆ ಬಂದಾಗ ಚಿಗುರುತ್ತದೆ.

ಇನ್ನು ಬಿಸಿಯ ವಿಷಯ. ಗಾಳಿಯಿಂದ ಇಂಗಾಲ ಹಿಡಿದು ಸಕ್ಕರೆ ಮಾಡಲು ಶುರುಮಾಡೋದು ಎಲೆಯಲ್ಲಿರುವ ರುಬಿಸ್ಕೋ ಅನ್ನುವ ಕಿಣ್ವ. ಅದು ಆಗಾಗ ಕಟ್ಟಿಕೊಳ್ಳುತ್ತದೆ. ಭತ್ತದ ಮಿಲ್ಲಲ್ಲಿ ಸುರಿಯುವ ಬಾಯಿಗೆ ಹುಲ್ಲು ಸಿಕ್ಕಿಕೊಂಡರೆ ಒಬ್ಬ ಕೋಲು ಹಾಕಿ ತಿವಿದು ಬಿಡಿಸ್ತಾನಲ್ವಾ, ಹಾಗೆ ಅದನ್ನು ಬಿಡಿಸಲು ಆಕ್ಟಿವೇಸ್ ಅನ್ನುವ ಇನ್ನೊಂದು ಪ್ರೋಟೀನ್ ಇದೆ. ಬಿಸಿ ಏರಿದರೆ ಮೊದಲು ಸುಸ್ತಾಗೋದು ಈ ಕೋಲಿನವನೇ! ಮಿಲ್ಲು ಸರಿಯಿದ್ದರೂ ಕೆಲಸ ನಿಲ್ಲುತ್ತದೆ. ಕಾಡುಭತ್ತದ ಆಕ್ಟಿವೇಸ್ ನಮ್ಮ ಭತ್ತದ್ದಕ್ಕಿಂತ ಜಾಸ್ತಿ ಬಿಸಿ ತಡೆಯುತ್ತದೆ, ಅದೊಂದು ಮುಖ್ಯ ವ್ಯತ್ಯಾಸ.

2018ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಆ ಆಕ್ಟಿವೇಸ್ ತಯಾರಿಸುವ ಜೀನ್ ಅನ್ನು ಸಾಮಾನ್ಯ ಭತ್ತಕ್ಕೆ ಸೇರಿಸಿದರು. ಪೈರು ಬೆಳೆಯುವ ಹಂತದಲ್ಲಿ 45 ಡಿಗ್ರಿ ಬಿಸಿ ಕೊಟ್ಟರೂ ಅದರ ಇಳುವರಿ ಮಾಮೂಲಿ ಭತ್ತಕ್ಕಿಂತ ಚೆನ್ನಾಗಿತ್ತು.

ಒಂದು ಮಾತು: ಹೇಮಾವತಿ ನಾಲೆ ನೀರಲ್ಲಿ ಬೇಸಿಗೆ ಭತ್ತ ಹಾಕುವವರು ಹೆದರೋದು ಜೊಳ್ಳಿಗೆ. ಹೂ ಬಿಡುವಾಗ ಬಿಸಿಲು 35 ಡಿಗ್ರಿ ದಾಟಿದರೆ ಪರಾಗ ಕೆಟ್ಟು ಕಾಳು ಕಟ್ಟೋದಿಲ್ಲ. ಅದು ಬೇರೆಯೇ ತೊಂದರೆ, ಈ ಜೀನ್ ಅದಕ್ಕೆ ಮದ್ದಲ್ಲ.