ಗೋಡೆಯ ಮೇಲಿನ ಅಮೃತಬಳ್ಳಿ, ಕಪಾಟಿನೊಳಗಿನ ಡಬ್ಬಿಗಳು

ಸಂಪಾದಕರ ಉತ್ತರ

ಸಾಗರದ ನಿವೃತ್ತ ಶಿಕ್ಷಕಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಅಮೃತಬಳ್ಳಿಯ ರಸವನ್ನು ತಿಂಗಳುಗಟ್ಟಲೆ ಕುಡಿಯುವುದು ಯಕೃತ್ತಿಗೆ ಕ್ಷೇಮವಲ್ಲ ಎಂದು ನಮ್ಮ ಕಳೆದ ಸಂಚಿಕೆಯ ಆರೋಗ್ಯ ಪುಟದಲ್ಲಿ ಒಂದು ಸಾಲು ಬಂದಿತ್ತು. ಅದು ಅವರನ್ನು ಕೆರಳಿಸಿದೆ. ‘ನನ್ನ ತವರು ಕಾರ್ಕಳದ ಕಡೆ. ಆಟಿ ಅಮಾವಾಸ್ಯೆಯ ಕಷಾಯ ಕುಡಿದು ಬೆಳೆದವಳು ನಾನು. ಹಿರಿಯರು ಸಾವಿರಾರು ವರ್ಷ ತಿಂದು ಜೀರ್ಣಿಸಿಕೊಂಡದ್ದಕ್ಕೆ ಈಗ ಅಡ್ಡಪರಿಣಾಮ ಎಲ್ಲಿಂದ ಬಂತು? ನಿಮಗೆ ಆಯುರ್ವೇದ ಕಂಡರೆ ಆಗುವುದಿಲ್ಲವೇ? ಹಾಗಿದ್ದರೆ ನಿಮ್ಮ ಹಿಂಬದಿಯ ರಕ್ಷಾಪುಟದಲ್ಲಿ ಚ್ಯವನಪ್ರಾಶದ ಜಾಹೀರಾತು ಏಕೆ?’ ಎಂದು ಕೇಳಿದ್ದಾರೆ. ಮನೆಯಲ್ಲಿ ದಿನವೂ ತೆಗೆದುಕೊಳ್ಳುವುದರ ಪಟ್ಟಿಯನ್ನೂ ಕೊಟ್ಟಿದ್ದಾರೆ: ಬೆಳಿಗ್ಗೆ ಬಾಟಲಿಯ ಅಮೃತಬಳ್ಳಿ ರಸ, ತಿಂಡಿಯ ನಂತರ ಕಾಳುಮೆಣಸಿನ ಸತ್ವ ಸೇರಿಸಿದ ಅರಿಶಿನದ ಕ್ಯಾಪ್ಸೂಲ್, ಮಧ್ಯಾಹ್ನ 50 ಮಿಲಿಗ್ರಾಂ ಸತುವಿನ ಮಾತ್ರೆ, ರಾತ್ರಿ ಚ್ಯವನಪ್ರಾಶ, ‘ಆಗಾಗ’ ವಿಟಮಿನ್ ಡಿ ಪುಡಿಯ ಪೊಟ್ಟಣ. ಯಜಮಾನರಿಗೆ ಸಕ್ಕರೆ ಕಾಯಿಲೆಯಿದೆ, ರಕ್ತ ಹೆಪ್ಪುಗಟ್ಟದಂತೆ ಮಾತ್ರೆಯೂ ನಡೆಯುತ್ತಿದೆ. ಅವರದೂ ಇದೇ ಪಟ್ಟಿ.

ಮಾನ್ಯರೇ,

ಜಾಹೀರಾತಿನ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಹೇಳಿದ್ದು ಸರಿ. ಒಳಗೆ ಎಚ್ಚರಿಕೆ, ಹೊರಗೆ ಜಾಹೀರಾತು. ಆ ಪುಟದ ಹಣದಲ್ಲಿ ಕಾಗದದ ಖರ್ಚು ಹುಟ್ಟುತ್ತದೆ ಎನ್ನುವುದು ಕಾರಣವೇ ಹೊರತು ಸಮರ್ಥನೆಯಲ್ಲ.

ನಮ್ಮ ಆ ಒಂದು ಸಾಲಿನಲ್ಲಿಯೂ ತಪ್ಪಿತ್ತು. ಅಷ್ಟು ದೊಡ್ಡ ಮಾತನ್ನು ಕಾರಣ ಕೊಡದೆ ಎಸೆದು ಹೋದದ್ದು ಆ ತಪ್ಪು. 2020ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಮುಂಬೈಯ ವೈದ್ಯರು ಕಾಮಾಲೆಯಂತಹ ಲಕ್ಷಣಗಳೊಂದಿಗೆ ಬಂದ ಆರು ಜನರನ್ನು ನೋಡಿದರು. ಆರೂ ಜನ ಕೋವಿಡ್‌ಗೆ ಹೆದರಿ ಅಮೃತಬಳ್ಳಿ ಸೇವಿಸುತ್ತಿದ್ದವರು. ಮರುವರ್ಷ ಆ ವರದಿ ಪ್ರಕಟವಾದಾಗ ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅದೇ ಜಾತಿಯ ಇನ್ನೊಂದು ಬಳ್ಳಿಯಿದೆ, ವೈದ್ಯರು ಗಿಡವನ್ನು ಸರಿಯಾಗಿ ಗುರುತಿಸದೆ ಅಮೃತಬಳ್ಳಿಯ ಹೆಸರು ಕೆಡಿಸಿದ್ದಾರೆ ಎಂದಿತು. 2022ರಲ್ಲಿ ದೇಶದ 13 ಆಸ್ಪತ್ರೆಗಳ ವೈದ್ಯರು ಸೇರಿ ಇಂಥದೇ 43 ಜನರ ವಿವರ ಪ್ರಕಟಿಸಿದರು. ಸಚಿವಾಲಯ ಮತ್ತೆ ಒಪ್ಪಲಿಲ್ಲ. ಈ ರೋಗಿಗಳಲ್ಲಿ ಹಲವರ ಯಕೃತ್ತಿನಲ್ಲಿ ಕಂಡದ್ದು, ದೇಹದ ರೋಗನಿರೋಧಕ ವ್ಯವಸ್ಥೆಯೇ ತಿರುಗಿಬಿದ್ದು ಯಕೃತ್ತನ್ನು ಘಾಸಿಗೊಳಿಸುವ ಬಗೆಯ ಉರಿಯೂತ. ಕೆಲವರಲ್ಲಿ ಅದು ಮೊದಲೇ ಅಡಗಿದ್ದು ಬಳ್ಳಿ ಅದನ್ನು ಕೆದಕಿರಬಹುದು ಎಂಬುದು ವೈದ್ಯರ ಅಭಿಪ್ರಾಯ. ಕೋಟ್ಯಂತರ ಜನ ಕುಡಿದಿರಬಹುದಾದ ಕಾಲದಲ್ಲಿ 43 ಸಣ್ಣ ಸಂಖ್ಯೆ, ಒಪ್ಪುತ್ತೇನೆ. ಆದರೆ ಆ 43ರಲ್ಲಿ ನಾವಿದ್ದೇವೆಯೇ ಎಂದು ಕುಡಿಯುವ ಮೊದಲು ತಿಳಿಯುವ ದಾರಿಯಿಲ್ಲ.

ಗಿಡ ತಪ್ಪಾಗಿರಬಹುದು ಎಂಬ ಸಚಿವಾಲಯದ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ನಿಜವೆಂದೇ ಇಟ್ಟುಕೊಳ್ಳೋಣ. ಆಗ ಬಾಟಲಿ ಕೊಳ್ಳುವವರ ಸ್ಥಿತಿ ಇನ್ನೂ ಕಷ್ಟದ್ದಲ್ಲವೇ? ನಿಮ್ಮ ಕಾಂಪೌಂಡ್ ಗೋಡೆಯ ಮೇಲೆ ಬಳ್ಳಿಯಿದೆ ಎಂದು ಬರೆದಿದ್ದೀರಿ. ನಮ್ಮ ಕಚೇರಿಯ ಹಿತ್ತಲಲ್ಲಿಯೂ ಇದೆ. ನಿನ್ನೆ ಹೆಬ್ಬೆರಳು ದಪ್ಪದ ಒಂದು ತುಂಡು ಕತ್ತರಿಸಿ ನೋಡಿದೆ. ಮೇಲಿನ ಸಿಪ್ಪೆ ಹಳೆಯ ಪುಸ್ತಕದ ಹಾಳೆಯಂತೆ ಸುಲಿದು ಬರುತ್ತದೆ, ಕೆಳಗೆ ಎಳೆ ಹಸಿರು. ಅಡ್ಡಕ್ಕೆ ಕತ್ತರಿಸಿದರೆ ಗಾಡಿಯ ಚಕ್ರದ ಅರೆಕಾಲುಗಳಂತೆ ನಡುವಿನಿಂದ ಅಂಚಿಗೆ ಗೆರೆಗಳು. ಸಂಸ್ಕೃತದಲ್ಲಿ ಇದಕ್ಕೆ ಚಕ್ರಲಕ್ಷಣಿಕಾ ಎಂಬ ಹೆಸರಿರುವುದು ಸುಮ್ಮನೆ ಅಲ್ಲ. ಮೇಲಿನಿಂದ ದಾರದಂತಹ ಬೇರುಗಳು ನೇತಾಡುತ್ತಿರುತ್ತವೆ. ಆ ಇನ್ನೊಂದು ಬಳ್ಳಿಯ ಕಾಂಡದ ಮೇಲಾದರೋ ಸಣ್ಣ ಸಣ್ಣ ಗಂಟುಗಳು, ನರೂಲಿ ಎದ್ದಂತೆ. ಇದನ್ನೆಲ್ಲ ಗೋಡೆಯ ಬಳಿ ನಿಂತು ನೋಡಬಹುದು. ರುಬ್ಬಿ ಸೋಸಿ ಮುಚ್ಚಳ ಹಾಕಿದ ಕಂದು ನೀರಿನಲ್ಲಿ ಏನು ನೋಡುತ್ತೀರಿ?

ಈಗ ನಿಮ್ಮ ಆಟಿ ಕಷಾಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಅದೇ. ನಿಮ್ಮ ವಾದಕ್ಕೆ ಅದೇ ಅಡ್ಡ ನಿಂತಿದೆ ಎಂಬುದು ಬೇರೆ ಮಾತು. ತುಳುನಾಡಿನವರಿಗೆ ಇದು ಹೊಸದಲ್ಲ, ಉಳಿದ ಓದುಗರಿಗಾಗಿ ಹೇಳುತ್ತೇನೆ. ಆಟಿ ಎಂಬ ಮಳೆಗಾಲದ ತುಳು ತಿಂಗಳ ಅಮಾವಾಸ್ಯೆಯಂದು ನಸುಕಿಗೆ ಮುಂಚೆ ಹೋಗಿ ಹಾಳೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆಯುತ್ತಾರೆ. ಕತ್ತಿ ತಾಗಿಸುವಂತಿಲ್ಲ. ಕಾಳುಮೆಣಸು, ಬೆಳ್ಳುಳ್ಳಿ, ಓಮ ಹಾಕಿ ಅರೆದು, ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಅದರಲ್ಲಿ ಅದ್ದುತ್ತಾರೆ. ಬರಿಹೊಟ್ಟೆಯಲ್ಲಿ ಒಂದು ಸಣ್ಣ ಲೋಟ. ಮುಖ ಹಿಂಡಿಕೊಂಡು ಕುಡಿದ ಮಕ್ಕಳಿಗೆ ಬೆಲ್ಲದ ಚೂರು, ಆಮೇಲೆ ಎಲ್ಲರಿಗೂ ಮೆಂತೆ ಗಂಜಿ. ಅಲ್ಲಿಗೆ ಮುಗಿಯಿತು. ಮುಂದಿನ ಲೋಟ ಮುಂದಿನ ಆಟಿಗೆ.

ಇದರಲ್ಲಿ ಎರಡು ಸಂಗತಿ ನೋಡಿ. ಬಲ್ಲವರು ಹಿಂದಿನ ದಿನವೇ ಬೆಳಕಿನಲ್ಲಿ ಹೋಗಿ ಮರ ಗುರುತು ಮಾಡಿಟ್ಟು ಬರುತ್ತಾರೆ. ಕತ್ತಲೆಯಲ್ಲಿ ಹಾಳೆಮರದ ಬದಲು ಕಾಸರಕದ ತೊಗಟೆ ಬಂದರೆ ಅದು ವಿಷ ಎಂಬುದು ಅವರಿಗೆ ಗೊತ್ತು. ಇನ್ನೊಂದು, ವರ್ಷಕ್ಕೆ ಒಂದೇ ದಿನ ಎಂಬ ಕಟ್ಟಳೆ. ನಿಮ್ಮ ಅಜ್ಜಿ ಅದನ್ನು ಬಾಟಲಿಯಲ್ಲಿ ತುಂಬಿಟ್ಟು ದಿನಕ್ಕೆ 30 ಮಿಲಿಲೀಟರ್‌ನಂತೆ ವರ್ಷವಿಡೀ ಕುಡಿಸಿದ್ದರೇ? ಹಿರಿಯರು ತಿಂದದ್ದು ಹೌದು, ಆದರೆ ಹೀಗೆ ತಿನ್ನಲಿಲ್ಲ. ಅಮೃತಬಳ್ಳಿಯ ಕತೆಯೂ ಅದೇ. ಜ್ವರ ಬಂದಾಗ ನಾಲ್ಕು ದಿನ ಕಷಾಯ, ಜ್ವರ ಬಿಟ್ಟ ಮೇಲೆ ಬಳ್ಳಿಯ ಕಡೆ ಯಾರೂ ತಲೆಹಾಕುತ್ತಿರಲಿಲ್ಲ. ಕಹಿಯೇ ಅದಕ್ಕೆ ಲಗಾಮು. ಆಯುರ್ವೇದದ ಮೂಲಗ್ರಂಥ ಚರಕಸಂಹಿತೆ ಅಮೃತಬಳ್ಳಿಯನ್ನು ರಸಾಯನವಾಗಿ, ಎಂದರೆ ದೇಹಕ್ಕೆ ಬಲ ಕೊಡುವ ಔಷಧವಾಗಿ ಹೇಳುವುದು ನಿಜ. ಆದರೆ ರಸಾಯನಕ್ಕೆ ಮೊದಲು ಶೋಧನೆ ಎಂಬ ದೇಹಶುದ್ಧಿ, ಆಮೇಲೆ ಅವರವರ ವಯಸ್ಸು, ಜೀರ್ಣಶಕ್ತಿ ನೋಡಿ ಪ್ರಮಾಣ ಎಂದು ಹೇಳುವುದೂ ಅದೇ ಗ್ರಂಥ. ಕೆಟ್ಟದಾಗಿ ಬಳಸಿದ ಔಷಧ ವಿಷವಾಗುತ್ತದೆ ಎಂದಿರುವುದೂ ಅಲ್ಲಿಯೇ. ಆಯುರ್ವೇದ ಕಂಡರೆ ನನಗೆ ಆಗುವುದಿಲ್ಲ ಎಂದಿದ್ದೀರಿ. ಬಾಟಲಿಯ ಮೇಲಿನ ಚೀಟಿಯನ್ನೇ ಆಯುರ್ವೇದ ಎಂದು ತಿಳಿದವರ ಜೊತೆ ನನ್ನ ತಕರಾರು.

ಅರಿಶಿನದ ಕ್ಯಾಪ್ಸೂಲಿನಲ್ಲಿ ಈ ಲಗಾಮು ಹೇಗೆ ಕಳಚಿಹೋಗಿದೆ ಎಂದು ಲೆಕ್ಕ ಹಾಕಿಯೇ ತೋರಿಸಬಹುದು. ನೀವು ಗಣಿತ ಕಲಿಸಿದವರಂತೆ, ಪರಿಶೀಲಿಸಿ. ಅಡುಗೆಮನೆಯ ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಎಂಬ ಅಂಶ ತೂಕದ ಶೇಕಡಾ 3ರ ಆಸುಪಾಸು. ನಿಮ್ಮ ಕ್ಯಾಪ್ಸೂಲಿನಲ್ಲಿ 500 ಮಿಲಿಗ್ರಾಂ ಸತ್ವ, ಅದರಲ್ಲಿ ಶೇಕಡಾ 95 ಕರ್ಕ್ಯುಮಿನ್ ಎಂದು ಬರೆದುಕೊಂಡಿದ್ದೀರಿ. ಅಂದರೆ 475 ಮಿಲಿಗ್ರಾಂ. ಅಷ್ಟು ಸಿಗಬೇಕಾದರೆ ಸುಮಾರು 16 ಗ್ರಾಂ, ಎಂದರೆ ಐದು ಟೀ ಚಮಚ ಅರಿಶಿನ ತಿನ್ನಬೇಕು. ನಾಲ್ಕು ಜನರ ಹುಳಿಗೆ ನೀವು ಹಾಕುವುದು ಅರ್ಧ ಚಮಚ. ಐದು ಚಮಚ ಹಾಕಿದ ಹುಳಿಯನ್ನು ನಿಮ್ಮ ಯಜಮಾನರು ಬಾಯಿಗಿಡುತ್ತಿದ್ದರೇ?

ಅದರ ಮೇಲೆ ಕಾಳುಮೆಣಸಿನ ಸತ್ವ. ಅರಿಶಿನ ತಾನಾಗಿ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ತಿಂದದ್ದರಲ್ಲಿ ಹೆಚ್ಚಿನದನ್ನು ದೇಹ ಮುರಿದು ಹೊರಹಾಕಿಬಿಡುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು 1998ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಪೈಪರಿನ್ ಅಂಶ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟಾಯಿತು. ನಮ್ಮೂರಿನ ಈ ಪ್ರಯೋಗ ಇಂದು ಜಗತ್ತಿನ ಎಷ್ಟೋ ಅರಿಶಿನದ ಡಬ್ಬಿಗಳ ಹಿಂದಿದೆ. ಡಬ್ಬಿ ಹೇಳದೆ ಬಿಡುವುದು ಇಷ್ಟು: ಮುರಿದು ಹೊರಹಾಕುವ ಆ ಕೆಲಸವನ್ನು ತಡೆಯುವ ಪೈಪರಿನ್‌ಗೆ ಅರಿಶಿನ ಯಾವುದು, ರಕ್ತದೊತ್ತಡದ ಮಾತ್ರೆ ಯಾವುದು ಎಂಬ ಭೇದವಿಲ್ಲ. ಬೇರೆ ಔಷಧಗಳೂ ರಕ್ತದಲ್ಲಿ ಲೆಕ್ಕಕ್ಕಿಂತ ಹೆಚ್ಚು ಉಳಿಯಬಹುದು. ಅಮೆರಿಕದಲ್ಲಿ ಔಷಧಗಳಿಂದಾಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ವೈದ್ಯರ ಜಾಲ 2022ರಲ್ಲಿ ಅರಿಶಿನದ ಪೂರಕಗಳಿಂದ ಹಾನಿಗೊಳಗಾದ ಹತ್ತು ಜನರ ವಿವರ ಕೊಟ್ಟಿತು. ನೆನಪಿರಲಿ, ಇದು ಹುಳಿಯ ಅರಿಶಿನದ ಮಾತಲ್ಲ.

ಆದ್ದರಿಂದ ನಿಮ್ಮ ಯಜಮಾನರ ವಿಷಯದಲ್ಲಿ ಮಾತ್ರ ನಾನು ಸಂಪಾದಕನ ಗತ್ತು ಬಿಟ್ಟು ನೇರವಾಗಿ ಕೇಳಿಕೊಳ್ಳುತ್ತೇನೆ. ಅರಿಶಿನದ ಸತ್ವವೂ ರಕ್ತ ಹೆಪ್ಪುಗಟ್ಟುವುದನ್ನು ತಡೆಯಬಲ್ಲದು, ಅವರ ಮಾತ್ರೆಯೂ ಅದೇ ಕೆಲಸ ಮಾಡುತ್ತಿದೆ. ಅಮೃತಬಳ್ಳಿ ರಕ್ತದ ಸಕ್ಕರೆ ಇಳಿಸಬಲ್ಲದು, ಸಕ್ಕರೆಯ ಮಾತ್ರೆಯೂ ಇಳಿಸುತ್ತಿದೆ. ಈ ವಾರವೇ ಎಲ್ಲ ಡಬ್ಬಿ, ಬಾಟಲಿಗಳನ್ನು ಕೈಚೀಲದಲ್ಲಿ ಹಾಕಿಕೊಂಡು ವೈದ್ಯರ ಮೇಜಿನ ಮೇಲೆ ಸಾಲಾಗಿ ಇಡಿ. ‘ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ’ ಎಂದು ಅವರು ಕೇಳಿದಾಗ ‘ಏನಿಲ್ಲ, ಸ್ವಲ್ಪ ಕಷಾಯ’ ಎನ್ನಬೇಡಿ. ಅಲ್ಲಿಯವರೆಗೆ ರಸವನ್ನೂ ಕ್ಯಾಪ್ಸೂಲನ್ನೂ ನಿಲ್ಲಿಸಿ, ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಮಾತ್ರ ನಿಲ್ಲಿಸಬೇಡಿ. ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಮೈ ತುರಿಸಿ ಊಟ ಸೇರದಿದ್ದರೆ ವಾರ ಕಾಯಬೇಡಿ.

ಸತುವಿನ ಮಾತ್ರೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಂಗಸರಿಗೆ ದಿನಕ್ಕೆ ಬೇಕಾದದ್ದು 13 ಮಿಲಿಗ್ರಾಂ, ಗಂಡಸರಿಗೆ 17. ಭೇದಿಯಾದ ಮಕ್ಕಳಿಗೆ ಎರಡು ವಾರ ಸತು ಕೊಡುವುದು ಒಳ್ಳೆಯ ಚಿಕಿತ್ಸೆ. ಆದರೆ ದಿನಕ್ಕೆ 50 ಮಿಲಿಗ್ರಾಂ ತಿಂಗಳುಗಟ್ಟಲೆ ನುಂಗಿದರೆ ದೇಹ ತಾಮ್ರವನ್ನು ಹೀರಿಕೊಳ್ಳುವುದು ತಗ್ಗಿ, ರಕ್ತಹೀನತೆ, ಕಾಲು ಜೋಮು ಹಿಡಿಯುವುದು ಶುರುವಾಗಬಹುದು. ವಿಟಮಿನ್ ಡಿ ಪೊಟ್ಟಣದಲ್ಲಿ ಇರುವುದು 60,000 ಯೂನಿಟ್. ದಿನಕ್ಕೆ ಬೇಕಾದದ್ದು 600. ಒಂದು ಪೊಟ್ಟಣ ನೂರು ದಿನದ ರೇಷನ್. ಕೊರತೆಯಿದ್ದವರಿಗೆ ವಾರಕ್ಕೊಂದರಂತೆ ಕೆಲವು ವಾರ ಎಂದು ವೈದ್ಯರು ಬರೆಯುತ್ತಾರೆ. ಅದನ್ನು ದಿನಕ್ಕೊಂದರಂತೆ ಹಾಲಿಗೆ ಬೆರೆಸಿ ಕುಡಿದು, ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ, ಗಲಿಬಿಲಿ, ಮೂತ್ರಪಿಂಡದ ತೊಂದರೆಯೊಂದಿಗೆ ಆಸ್ಪತ್ರೆ ಸೇರಿದವರಿದ್ದಾರೆ. ವಿಟಮಿನ್ ಸಿ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ, ಡಿ ಹಾಗಲ್ಲ, ಕೊಬ್ಬಿನಲ್ಲಿ ಕುಳಿತುಬಿಡುತ್ತದೆ. ‘ಆಗಾಗ’ ಎಂಬ ನಿಮ್ಮ ಮಾತು ನನ್ನನ್ನು ಹೆದರಿಸಿದ್ದು ಅದಕ್ಕೇ.

ಚ್ಯವನಪ್ರಾಶದ ವಿಚಾರಕ್ಕೆ, ಲಾಕ್‌ಡೌನಿನ ಆರಂಭದಲ್ಲಿ ಆಯುಷ್ ಸಚಿವಾಲಯ ಹೊರಡಿಸಿದ ಸಲಹೆಯನ್ನೇ ನೋಡಿ. ಬೆಳಿಗ್ಗೆ 10 ಗ್ರಾಂ, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆಯಿಲ್ಲದ್ದು ಎಂದಿತ್ತು. ಎರಡನೆಯ ಅರ್ಧ ಯಾರ ಕಿವಿಗೂ ಬೀಳಲಿಲ್ಲ. ಆಗ ನಮ್ಮ ಕಚೇರಿಯಲ್ಲಿಯೂ ಕರಡು ತಿದ್ದುವ ಮೇಜಿನ ಮೇಲೆ ಶುಂಠಿ, ಮೆಣಸು, ದಾಲ್ಚಿನ್ನಿಯ ಕಷಾಯದ ಫ್ಲಾಸ್ಕ್ ಇತ್ತು. ದಿನಕ್ಕೆ ಐದು ಲೋಟ ಕುಡಿದವನು ನಾನೇ. ಕೊರೊನಾ ಬಂದೇ ಬಂತು. ಅದಕ್ಕೆ ಮುಂಚೆ ಬಾಯಿಹುಣ್ಣು, ಎದೆಯುರಿ ಬಂದಿದ್ದವು.

‘ಹಾಗಾದರೆ ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳುವುದು ಬೇಡವೇ’ ಎಂದು ಕೇಳಿದ್ದೀರಿ. ಆ ‘ಹೆಚ್ಚಿಸು’ ಎಂಬ ಪದವೇ ನನಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಧೂಳಿಗೆ ಇಪ್ಪತ್ತು ಸಲ ಸೀನುವವರು, ಬೆಳಗಾದರೆ ಬೆರಳು ಮಡಿಸಲಾಗದ ಸಂಧಿವಾತದವರು, ಥೈರಾಯ್ಡ್ ಗ್ರಂಥಿಯನ್ನು ತಮ್ಮ ದೇಹವೇ ತಿಂದುಹಾಕುತ್ತಿರುವವರು, ಇವರಿಗೆಲ್ಲ ಆ ಶಕ್ತಿ ಕಡಿಮೆಯಾಗಿಲ್ಲ, ದಾರಿ ತಪ್ಪಿದೆ. ಬದಲಿ ಮೂತ್ರಪಿಂಡ ಹಾಕಿಸಿಕೊಂಡವರು ಆ ಶಕ್ತಿಯನ್ನು ತಗ್ಗಿಸುವ ಮಾತ್ರೆಯನ್ನು ಜೀವನವಿಡೀ ನುಂಗುತ್ತಾರೆ. ಅವರ ಕೈಗೆ ಡಬ್ಬಿ ಕೊಟ್ಟು ‘ಹೆಚ್ಚಿಸಿಕೊಳ್ಳಿ’ ಎನ್ನುವುದೇ? ಕೊರತೆಯಿದ್ದರೆ ಕೊರತೆ ತುಂಬಬೇಕು, ಅದಕ್ಕೆ ರಕ್ತಪರೀಕ್ಷೆಯಿದೆ. ಕೊರತೆಯಿಲ್ಲದವರು ಒಂದು ಸೀಬೆಹಣ್ಣು ತಿಂದರೆ ಆ ದಿನದ ವಿಟಮಿನ್ ಸಿ ಮುಗಿಯಿತು. ಅರವತ್ತು ದಾಟಿದ ಸಕ್ಕರೆ ಕಾಯಿಲೆಯವರಿಗೆ ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಬೇಕೇ ಎಂದು ಅದೇ ಭೇಟಿಯಲ್ಲಿ ವೈದ್ಯರನ್ನು ಕೇಳಿ. ನಿಮ್ಮ ಪಟ್ಟಿಯಲ್ಲಿ ಎಷ್ಟೊಂದು ಇತ್ತು, ಲಸಿಕೆಯ ಸುಳಿವಿರಲಿಲ್ಲ. ಇನ್ನು ದೊಡ್ಡಪತ್ರೆಯ ತಂಬುಳಿ, ಮೆಣಸಿನ ಸಾರು, ಜೀರಿಗೆ ಕಷಾಯ ಇವುಗಳಿಗೆ ನನ್ನ ಅಪ್ಪಣೆ ಏಕೆ? ಊಟದ ಜೊತೆ ಬರುವ ಔಷಧಿ ಹೊಟ್ಟೆ ತುಂಬಿದಾಗ ತಾನೇ ನಿಲ್ಲುತ್ತದೆ.

ಪತ್ರದ ಕೊನೆಯಲ್ಲಿ ಸಿಟ್ಟಿನಿಂದಲೇ ‘ಹಾಗಾದರೆ ಗೋಡೆಯ ಬಳ್ಳಿಯನ್ನು ಕಡಿದುಹಾಕಲೇ’ ಎಂದು ಬರೆದಿದ್ದೀರಿ. ಬೇಡ. ಕಡಿದರೂ ಅದು ಹೋಗುವುದಿಲ್ಲ. ತುಂಡು ಮಾಡಿದಷ್ಟೂ ಚಿಗುರುವುದರಿಂದಲೇ ಅದಕ್ಕೆ ಛಿನ್ನರುಹಾ ಎಂಬ ಇನ್ನೊಂದು ಹೆಸರು. ರಕ್ಷಾಪುಟದ ಜಾಹೀರಾತಿನ ಒಪ್ಪಂದ ದೀಪಾವಳಿಯವರೆಗಿದೆ, ಅದು ನನ್ನ ಕೈಯಲ್ಲಿಲ್ಲ. ನಿಮ್ಮ ಪತ್ರವನ್ನು ಅದರ ಬೆನ್ನಿಗಿರುವ ಒಳಪುಟದಲ್ಲಿ ಹಾಕುವುದು ನನ್ನ ಕೈಯಲ್ಲಿತ್ತು, ಹಾಕಿದ್ದೇನೆ. ವೈದ್ಯರು ಏನೆಂದರು ಎಂದು ಬರೆಯಿರಿ.

— ಸಂ.