ಕಡುಬಿನ ಮಗ ಯಾರ ಸೊತ್ತು?

ಸಾಗರದ ನಿವೃತ್ತ ಶಿಕ್ಷಕಿಯೊಬ್ಬರ ಪತ್ರದ ಸಾರ: “ಕಳೆದ ತಿಂಗಳ ಮಕ್ಕಳ ಪುಟದಲ್ಲಿ ‘ಬಾವ್’ ಎಂಬ ಅನಿಮೇಷನ್ ಕಿರುಚಿತ್ರ ನೋಡಿ ಎಂದು ಬರೆದಿದ್ದಿರಿ. ಮೊಮ್ಮಗನ ಜೊತೆ ಕೂತು ನೋಡಿದೆ. ತಾಯಿ ತಾನೇ ಸಾಕಿದ ಕಡುಬಿನ ಮಗುವನ್ನು ಗಬಕ್ಕನೆ ನುಂಗಿದಾಗ ಅವನು ತಿರುಗಿ ನನ್ನ ಮುಖ ನೋಡಿದ. ತಾಯಿಯ ಮಮತೆಯನ್ನು ರಾಕ್ಷಸತನದಂತೆ ತೋರಿಸುವುದು ಸರಿಯೇ? ಹೋಗಲಿ, ಮಗನ ಸ್ವಾತಂತ್ರ್ಯದ ಪರ ಅನ್ನೋಣವೆಂದರೆ ಕೊನೆಗೆ ಅವನೇ ತಿಂಡಿ ಪೊಟ್ಟಣ ಹಿಡಿದು ಮನೆಗೆ ಬರುತ್ತಾನೆ. ಹಾಗಾದರೆ ಚಿತ್ರ ಯಾರ ಕಡೆ? ಮಕ್ಕಳಿಗೆ ಇದನ್ನು ತೋರಿಸಬಹುದೇ?”

ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಮೊಮ್ಮಗ ಪರದೆ ಬಿಟ್ಟು ನಿಮ್ಮ ಮುಖ ನೋಡಿದ ಎಂದಿರಿ. ಈ ಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಓದಿಲ್ಲ.

ಚಿತ್ರ ನೋಡದವರಿಗಾಗಿ ಎರಡು ಮಾತು. ಕೆನಡಾದ ಟೊರಾಂಟೊದಲ್ಲಿರುವ ಒಬ್ಬ ಚೀನೀ ಗೃಹಿಣಿ. ಹಿಟ್ಟು ಲಟ್ಟಿಸಿ, ಒಳಗೆ ಮಾಂಸದ ಹೂರಣ ತುಂಬಿ, ಅಂಚು ನಿರಿಗೆ ಹಿಡಿದು ಹಬೆಯಲ್ಲಿ ಬೇಯಿಸುತ್ತಾಳೆ. ಗಂಡ ಗಬಗಬ ತಿಂದು ಕೆಲಸಕ್ಕೆ ಓಡುತ್ತಾನೆ. ಉಳಿದದ್ದನ್ನು ಇವಳು ಬಾಯಿಗಿಟ್ಟರೆ ಅದು ಕೂಸಿನಂತೆ ಅಳತೊಡಗುತ್ತದೆ. ಅಲ್ಲಿಂದ ಅದು ಅವಳ ಮಗು. ಬೆಳೆಯುತ್ತದೆ, ಎದುರಾಡುತ್ತದೆ, ಗಡ್ಡ ಬಿಡುತ್ತದೆ, ಕೊನೆಗೊಂದು ದಿನ ಹೊಂಬಣ್ಣದ ಕೂದಲಿನ ಹುಡುಗಿಯನ್ನು ಕರೆತಂದು ಪೆಟ್ಟಿಗೆ ಕಟ್ಟುತ್ತದೆ. ಬಾಗಿಲಲ್ಲಿ ಜಗ್ಗಾಟ, ಆಮೇಲೆ ನೀವು ಹೇಳಿದ ಆ ತುತ್ತು. ಇಡೀ ಎಂಟು ನಿಮಿಷದಲ್ಲಿ ಮಾತೇ ಇಲ್ಲ. ಹೀಗಾಗಿ ಟೊರಾಂಟೊದಲ್ಲಿ ಅರ್ಥವಾದಷ್ಟೇ ಸಾಗರದಲ್ಲೂ ಅರ್ಥವಾಗುತ್ತದೆ.

ಅಮೆರಿಕದ ಅನಿಮೇಷನ್ ಸಂಸ್ಥೆ ಪಿಕ್ಸಾರ್ ಇದನ್ನು 2018ರಲ್ಲಿ ತನ್ನ ದೊಡ್ಡ ಚಿತ್ರವೊಂದರ ಮುಂದೆ ಚಿತ್ರಮಂದಿರಗಳಲ್ಲಿ ತೋರಿಸಿತು. ಮರುವರ್ಷ ಆಸ್ಕರ್ ಬಂತು. ನಿರ್ದೇಶಕಿ ಡೋಮಿ ಶಿ ಹುಟ್ಟಿದ್ದು ಚೀನಾದ ಚೊಂಗ್‌ಚಿಂಗ್‌ನಲ್ಲಿ, ಬೆಳೆದದ್ದು ಟೊರಾಂಟೊದಲ್ಲಿ. ಅಪ್ಪ ಅಮ್ಮನಿಗೆ ಒಬ್ಬಳೇ ಮಗಳು. ಪಿಕ್ಸಾರ್‌ನಲ್ಲಿ ಕಿರುಚಿತ್ರ ನಿರ್ದೇಶಿಸಿದ ಮೊದಲ ಮಹಿಳೆ ಆಕೆಯೇ. ಆ ಹಿಟ್ಟಿನ ನಿರಿಗೆಗಳು ಅಷ್ಟು ನಿಜವಾಗಿ ಕಾಣುವುದಕ್ಕೂ ಕಾರಣವಿದೆ. ಆಕೆಯ ತಾಯಿಯೇ ಸ್ಟುಡಿಯೋಗೆ ಬಂದು ಚಿತ್ರಕಾರರನ್ನು ಕೂರಿಸಿಕೊಂಡು ಮಾಡಿ ತೋರಿಸಿದ್ದರು.

ಈಗ ನುಂಗುವ ವಿಷಯಕ್ಕೆ ಬರೋಣ. ಡೋಮಿ ಶಿಯ ತಾಯಿ ಮಗಳನ್ನು ಅಪ್ಪಿಕೊಂಡು, ನಿನ್ನನ್ನು ಮತ್ತೆ ನನ್ನ ಹೊಟ್ಟೆಯೊಳಗೇ ಇಟ್ಟುಕೊಳ್ಳುವಂತಿದ್ದರೆ ಎಷ್ಟು ಚೆನ್ನಾಗಿತ್ತು, ಎಲ್ಲಿದ್ದೀಯೆಂದು ಯಾವಾಗಲೂ ಗೊತ್ತಿರುತ್ತಿತ್ತು ಎನ್ನುತ್ತಿದ್ದರಂತೆ. ನಿರ್ದೇಶಕಿಯೇ ಸಂದರ್ಶನಗಳಲ್ಲಿ ಹೇಳಿಕೊಂಡ ಮಾತಿದು. ನಮ್ಮಲ್ಲಾದರೂ ಕೂಸಿನ ಕೆನ್ನೆ ಹಿಂಡಿ “ತಿಂದೇ ಬಿಡ್ತೀನಿ ನಿನ್ನ” ಎನ್ನದ ಅಜ್ಜಿ ಯಾವ ಊರಲ್ಲಿದ್ದಾಳೆ? ಮುದ್ದಿನ ಮಾತನ್ನು ಈ ಚಿತ್ರ ಅಕ್ಷರಶಃ ನಡೆಸಿ ತೋರಿಸುತ್ತದೆ, ಅಷ್ಟೆ. ಅಮೆರಿಕದಲ್ಲಿ ಆ ಜಾಗಕ್ಕೆ ಬಂದಾಗ ನಕ್ಕವರೂ ಇದ್ದರು, ತಲೆಬುಡ ತಿಳಿಯದೆ ಕೂತವರೂ ಇದ್ದರು. ನಿಮಗೆ ನಗು ಬರಲಿಲ್ಲ, ಸಿಟ್ಟು ಬಂತು. ಅದರ ಅರ್ಥ, ನಿಮಗದು ಗೊತ್ತಿದ್ದ ಸಂಗತಿ.

ರಾಕ್ಷಸತನ ಎಂಬ ಪದವನ್ನು ಮಾತ್ರ ನಾನು ಒಪ್ಪಲಾರೆ. ನುಂಗಿದ ಮರುಕ್ಷಣವೇ ಅವಳು ಬಿಕ್ಕಿ ಬಿಕ್ಕಿ ಅಳುತ್ತಾಳೆ. ರಕ್ಕಸಿಯರು ಅಳುವುದಿಲ್ಲ ಎಂದಲ್ಲ, ಆದರೆ ಇವಳು ಅಳುವುದು ಮಗ ಹೋದನೆಂದಷ್ಟೇ ಅಲ್ಲ, ತಾನು ಮಾಡಿದ್ದಕ್ಕೆ. ಆಮೇಲೆ ಗೊತ್ತಾಗುತ್ತದೆ, ನಾವು ನೋಡಿದ್ದೆಲ್ಲ ಅವಳ ಮನಸ್ಸಿನೊಳಗಿನ ಕಥೆ. ಹಾಸಿಗೆಯಲ್ಲಿ ಮಲಗಿದ್ದಾಳೆ, ಬಾಗಿಲಲ್ಲಿ ಕಡುಬಿನಂಥದೇ ದುಂಡು ತಲೆಯ ನೆರಳು. ಬೆಳಕಿಗೆ ಬಂದರೆ ಅವನು ಮನುಷ್ಯ, ಅವಳ ನಿಜವಾದ ಮಗ.

ನಿಮ್ಮ ‘ಯಾರ ಕಡೆ’ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದು ನನಗನ್ನಿಸುತ್ತದೆ. ಕಡುಬಿನ ಮಗನಿಗೆ ತನ್ನದೆಂಬ ಒಂದು ದೃಶ್ಯವೂ ಇಲ್ಲ, ಗಮನಿಸಿದಿರಾ? ಗೆಳೆಯರ ಕಾರು ಹತ್ತಿ ಹೋದವನು ಎಲ್ಲಿಗೆ ಹೋದ, ಆ ಹುಡುಗಿ ಎಲ್ಲಿ ಸಿಕ್ಕಳು, ಒಂದೂ ಗೊತ್ತಾಗುವುದಿಲ್ಲ. ತಾಯಿಯ ಕಣ್ಣಿಗೆ ಬಿದ್ದಷ್ಟೇ ಅವನ ಬದುಕು. ತಾನು ನಾದಿ, ತಾನೇ ಹೂರಣ ತುಂಬಿ ಮಾಡಿದ್ದು, ಆದ್ದರಿಂದ ತನ್ನದು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೇವಲ್ಲ, ಆ ಮುದ್ದಿನಲ್ಲಿ ಹೆಗ್ಗಣಕ್ಕೇನನ್ನಿಸುತ್ತದೆ ಎಂದು ಯಾರೂ ಕೇಳುವುದಿಲ್ಲ. ಬಾಗಿಲಲ್ಲಿ ಮನುಷ್ಯನ ಮುಖ ಹೊತ್ತು ನಿಂತಾಗ ಮಾತ್ರ ಅವನು ಮೊದಲ ಬಾರಿಗೆ ಇನ್ನೊಬ್ಬ ವ್ಯಕ್ತಿಯಾಗುತ್ತಾನೆ.

ವ್ಯಕ್ತಿತ್ವ ಎಂದ ಕೂಡಲೇ ನಾವು ಮಕ್ಕಳದ್ದನ್ನೇ ಯೋಚಿಸುತ್ತೇವೆ. ಈ ತಾಯಿಯದು ಎಲ್ಲಿದೆ ಹೇಳಿ. ಅವಳಿಗೆ ಹೆಸರಿಲ್ಲ. ಪರದೇಶದ ಊರು, ಉಂಡೆದ್ದು ಓಡುವ ಗಂಡ, ಸದ್ದಿಲ್ಲದ ಮನೆ. ಪೇಟೆಗೆ ಹೋದರೂ, ಪಾರ್ಕಿನಲ್ಲಿ ತಾಯ್ ಚಿ ಎಂಬ ಚೀನೀ ವ್ಯಾಯಾಮ ಮಾಡಿದರೂ ಕಂಕುಳಲ್ಲಿ ಕಡುಬು. ಯಾರಿಗಾದರೂ ಉಣಿಸುತ್ತಿದ್ದರಷ್ಟೇ ಅವಳು ಆ ಊರಿನವಳು, ಆ ಮನೆಯವಳು. ಮಗ ಹೊರಟರೆ ಅವಳಿಗೆ ತಪ್ಪಿಹೋಗುವುದು ಒಬ್ಬ ಮಗ ಮಾತ್ರವಲ್ಲ.

ಇನ್ನು ಆ ತಿಂಡಿ ಪೊಟ್ಟಣ. ದಯವಿಟ್ಟು ಬಸ್ಸಿನ ದೃಶ್ಯವನ್ನು ಮತ್ತೊಮ್ಮೆ ನೋಡಿ. ಮಗು ಚಿಕ್ಕದಿದ್ದಾಗ ಪೇಟೆಯಿಂದ ಬರುವಾಗ ಇಬ್ಬರೂ ಬೇಕರಿಯ ತಿನಿಸನ್ನು ಹಂಚಿಕೊಂಡು ತಿನ್ನುತ್ತಾರೆ. ಸ್ವಲ್ಪ ದೊಡ್ಡವನಾದ ಮೇಲೆ, ಫುಟ್‌ಬಾಲ್ ಆಡುತ್ತಿದ್ದ ಹುಡುಗರಿಂದ ಅವಳು ಅವನನ್ನು ಎಳೆದು ತಂದ ದಿನ, ಅದೇ ಬಸ್ಸಿನಲ್ಲಿ ಅದೇ ತಿನಿಸು ಚಾಚಿದರೆ ಅವನು ಮುಖ ತಿರುಗಿಸುತ್ತಾನೆ. ಕೊನೆಯಲ್ಲಿ ಮಗ ಹಾಸಿಗೆಯ ಅಂಚಿನಲ್ಲಿ ಕೂತು ಬಿಚ್ಚುವುದು ಅದನ್ನೇ. ಅಂದರೆ ಆ ಬಸ್ಸು ಅವನಿಗೂ ನೆನಪಿತ್ತು. ಅವಳ ಕಥೆಯೊಳಗೆ ಅವನ ನೆನಪಿಗೆ ಜಾಗವೇ ಇರಲಿಲ್ಲ. ಇನ್ನೊಂದು ಮಾತು: ಅದು ಅವಳ ಒಲೆಯ ಮೇಲೆ ಬೆಂದದ್ದಲ್ಲ, ಹೊರಗಿನಿಂದ ಬಂದದ್ದು. ಚಿತ್ರದುದ್ದಕ್ಕೂ ಬಡಿಸಿದವಳಿಗೆ ಒಬ್ಬರು ತಿನ್ನಲು ಕೊಟ್ಟದ್ದು ಅದೇ ಮೊದಲು. ಅವನು ಸೋತು ಮನೆಗೆ ಮರಳಿದ ಎಂದು ನೀವು ಓದಿದಿರಿ. ನನಗೆ ಕಂಡದ್ದು, ಬೇರೆ ಮನೆ ಮಾಡಿಕೊಂಡವನು ತಾಯಿಯ ಮನೆಗೆ ತನ್ನ ಕಾಲ ಮೇಲೆ ನಡೆದು ಬಂದದ್ದು. ಇಬ್ಬರೂ ತಿನ್ನುತ್ತಾ ಅಳುತ್ತಾರೆ. ಕ್ಷಮೆ ಕೇಳುವ ಶಾಸ್ತ್ರವಿಲ್ಲ. ನಮ್ಮ ಮನೆಗಳಲ್ಲೂ ಇರುವುದಿಲ್ಲ.

ಚಿತ್ರದೊಡನೆ ನನ್ನ ತಕರಾರು ಬೇರೆ ಕಡೆ ಇದೆ. ಕೊನೆಯಲ್ಲಿ ಎಲ್ಲರೂ ಮೇಜಿನ ಸುತ್ತ ಕೂತು ಕಡುಬು ಮಡಚುತ್ತಾರೆ, ಭಾವೀ ಸೊಸೆಗೆ ಅದು ಸರಾಗವಾಗಿ ಬರುತ್ತದೆ, ಅತ್ತೆಗೆ ಖುಷಿಯೋ ಖುಷಿ. ಅವಳಿಗೆ ಕೈ ತಿರುಗದಿದ್ದರೆ? ಮನೆಯವಳಾಗಲು ಅಡುಗೆಮನೆಯ ಪರೀಕ್ಷೆ ಪಾಸಾಗಲೇಬೇಕೆ? ಮಗನಿಗೆ ಅವನಾಗಿಯೇ ಇರಲು ಬಿಟ್ಟ ಚಿತ್ರ ಸೊಸೆಯ ವಿಷಯದಲ್ಲಿ ಸುಲಭದ ದಾರಿ ಹಿಡಿಯಿತು. ಅಪ್ಪನೂ ಅಷ್ಟೆ. ಮಗನನ್ನು ತಾಯಿಯ ಕೋಣೆಗೆ ದೂಡುವುದೇ ಅವನ ಇಡೀ ಕೊಡುಗೆ. (ಆ ಒಂದು ತಳ್ಳು ಇಲ್ಲದಿದ್ದರೆ ಕಥೆ ಮುಗಿಯುತ್ತಿರಲಿಲ್ಲ ಎಂಬುದೂ ನಿಜ.)

ಮಕ್ಕಳಿಗೆ ತೋರಿಸಬಹುದೇ ಎಂದಿರಿ. ಕೊಟ್ಟಿಗೆಯ ಕರುವಿಗೆ ಕೊನೆಯ ಹಾಲೂಡಿಸಿ ಹುಲಿಯ ಬಾಯಿಗೆ ನಡೆದು ಬರುವ ಪುಣ್ಯಕೋಟಿಯ ಹಾಡನ್ನು ಮೂವತ್ತು ಮಕ್ಕಳ ಕೈಲಿ ಒಕ್ಕೊರಲಲ್ಲಿ ಹಾಡಿಸಿದವರು ನೀವು. ಹುಲಿ ಹಾರಿ ನೆಗೆದು ಪ್ರಾಣ ಬಿಡುವುದನ್ನೂ ಬಿಟ್ಟಿರಲಾರಿರಿ. ಧಾರಾಳವಾಗಿ ತೋರಿಸಿ. ಆದರೆ ನುಂಗಿದ ಜಾಗದಲ್ಲಿ ನಿಲ್ಲಿಸಿ ಅರ್ಥ ಹೇಳಲು ಹೋಗಬೇಡಿ, ಅಲ್ಲಿ ನಿಲ್ಲಿಸಿದರೆ ಮಗುವಿಗೆ ಉಳಿಯುವುದು ಹೆದರಿಕೆಯೊಂದೇ. ಪೂರ್ತಿ ಮುಗಿಯಲಿ. ಆಮೇಲೆ ಕೇಳುವುದಾದರೆ ನಾನು ಒಂದನ್ನೇ ಕೇಳುವೆ: ಅವತ್ತು ಬಸ್ಸಿನಲ್ಲಿ ಅವನು ಯಾಕೆ ತಿನ್ನಲಿಲ್ಲ? ಎಳೆದು ತರಿಸಿಕೊಂಡ ಅನುಭವ ಇರುವ ಯಾವ ಹುಡುಗನೂ ಇದಕ್ಕೆ ತಡವರಿಸುವುದಿಲ್ಲ. ನಿಮ್ಮ ಮೊಮ್ಮಗ ಏನೆಂದ ಎಂದು ಬರೆದರೆ ಮಕ್ಕಳ ಪುಟದಲ್ಲಿ ಹಾಕುತ್ತೇವೆ.

– ಸಂ.